ಕೀಪ್ಯಾಡ್ ಸ್ವರ ಪರೀಕ್ಷಿಸದೆ ಅಂತರ್ಜಾಲ ದೂರವಾಣಿಯ ಬಿಲ್ಲು ಒಪ್ಪಬೇಡಿ

ಯಶವಂತಪುರದ ಎಪಿಎಂಸಿ ಯಾರ್ಡಿನ ಮಂಡಿಗಳಿಂದ ಹಿಡಿದು ಯಲಹಂಕದ ಸಣ್ಣ ಕಾರ್ಖಾನೆಗಳವರೆಗೆ ನಮ್ಮ ಸದಸ್ಯರಲ್ಲಿ ಹಲವರು ತಾಮ್ರದ ತಂತಿಯ ದೂರವಾಣಿಯನ್ನು ಕೈಬಿಟ್ಟು ಅಂತರ್ಜಾಲ ದೂರವಾಣಿಗೆ ಬದಲಾಗಿದ್ದಾರೆ. ವೆಚ್ಚದ ದೃಷ್ಟಿಯಿಂದ ಇದು ಸರಿಯಾದ ನಿರ್ಧಾರವೇ. ಆದರೆ ಅಳವಡಿಸಲು ಬಂದ ತಂತ್ರಜ್ಞರು ಒಂದು ಕರೆ ಮಾಡಿ, ಮಾತು ಸ್ಪಷ್ಟವಾಗಿ ಕೇಳಿಸಿತೆಂದು ತೋರಿಸಿದೊಡನೆ ಮಾಲೀಕರು ಸ್ವೀಕೃತಿ ಪತ್ರಕ್ಕೆ ಸಹಿ ಹಾಕುವುದು ಸರಿಯಲ್ಲ. ವಾರ ಕಳೆದ ಮೇಲೆ ಬ್ಯಾಂಕಿನ ಸ್ವಯಂಚಾಲಿತ ಸೇವೆಗೆ ಕರೆ ಮಾಡಿ ಕನ್ನಡಕ್ಕಾಗಿ ಗುಂಡಿ ಒತ್ತಿದರೆ ಯಂತ್ರಕ್ಕೆ ಅದು ಕೇಳಿಸುವುದೇ ಇಲ್ಲ. ಲೆಕ್ಕಪತ್ರ ವಿಭಾಗಕ್ಕಾಗಿ 2 ಒತ್ತಿದ ಗ್ರಾಹಕರ ಕರೆ ಗೋದಾಮಿನಲ್ಲಿ ರಿಂಗಣಿಸುತ್ತದೆ. ಹೀಗೆ ಕೈತಪ್ಪಿದ ಆರ್ಡರು ಯಾವ ಖಾತೆ ಪುಸ್ತಕದಲ್ಲಿಯೂ ಕಾಣಿಸುವುದಿಲ್ಲ.

ಮಾತು ಕೇಳಿಸುವುದಕ್ಕೂ ಗುಂಡಿಯ ಸ್ವರ ತಲುಪುವುದಕ್ಕೂ ಸಂಬಂಧ ಕಡಿಮೆ. ಅಮೆರಿಕದ ಬೆಲ್ ಸಂಸ್ಥೆಯು 1963ರಲ್ಲಿ ಬಳಕೆಗೆ ತಂದ ಪದ್ಧತಿಯಲ್ಲಿ ಪ್ರತಿ ಗುಂಡಿಗೂ ಏಕಕಾಲಕ್ಕೆ ಎರಡು ಸ್ವರಗಳಿವೆ. 5 ಒತ್ತಿದರೆ 770 ಮತ್ತು 1336 ಹರ್ಟ್ಸ್. ತಾಮ್ರದ ತಂತಿಯಲ್ಲಿ ಇವು ಮಾತಿನಂತೆಯೇ ಸಾಗುತ್ತಿದ್ದವು. ಅಂತರ್ಜಾಲ ದೂರವಾಣಿಯಲ್ಲಿ ಮೂರು ದಾರಿಗಳಿವೆ: ಸ್ವರವನ್ನು ಮಾತಿನೊಳಗೇ ಕಳುಹಿಸುವುದು, ಒತ್ತಿದ ಅಂಕಿಯನ್ನು ಪ್ರತ್ಯೇಕ ಸಂಕೇತವಾಗಿ ಮಾತಿನ ಜೊತೆಯಲ್ಲಿ ಕಳುಹಿಸುವುದು, ಅಥವಾ ಕರೆ ನಿಯಂತ್ರಿಸುವ ಸಂದೇಶದಲ್ಲಿ (ಎಸ್‌ಐಪಿ ಇನ್ಫೋ) ಸೇರಿಸುವುದು. ಎರಡನೆಯದಕ್ಕೆ ತಂತ್ರಜ್ಞರು ಇಂದಿಗೂ ಆರ್‌ಎಫ್‌ಸಿ 2833 ಎನ್ನುತ್ತಾರೆ. 2006ರಲ್ಲಿ ಅದರ ಸ್ಥಾನಕ್ಕೆ 4733 ಬಂದಿದೆ. ನಮ್ಮ ಉಪಕರಣ ಒಂದು ದಾರಿಯಲ್ಲಿ ಕಳುಹಿಸಿ, ಸೇವಾ ಸಂಸ್ಥೆಯ ಉಪಕರಣ ಇನ್ನೊಂದು ದಾರಿಯಲ್ಲಿ ಕಾಯುತ್ತಿದ್ದರೆ ಅಂಕಿ ತಲುಪುವುದಿಲ್ಲ.

ಲಕ್ಷಣ ನೋಡಿ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು. ಒಂದು ಅಂಕಿಯೂ ತಲುಪದಿದ್ದರೆ ಎರಡು ತುದಿಗಳ ವಿಧಾನ ಹೊಂದಿಲ್ಲವೆಂದು ಮೊದಲು ಶಂಕಿಸಬೇಕು. ಒಮ್ಮೆ ಒತ್ತಿದ 2 ಎರಡು ಬಾರಿ ದಾಖಲಾದರೆ ಸ್ವರವೂ ಸಂಕೇತವೂ ಒಟ್ಟಿಗೆ ಹೋಗುತ್ತಿವೆ; ಹಳೆಯ ಇಪಿಎಬಿಎಕ್ಸ್ ಅನ್ನು ಅಡಾಪ್ಟರಿನ ಮೂಲಕ ಜೋಡಿಸಿರುವ ಕಚೇರಿಗಳಲ್ಲಿ ಈ ತೊಂದರೆ ಹೆಚ್ಚು. ಕೆಲವು ಅಂಕಿಗಳು ಮಾತ್ರ ತಪ್ಪುತ್ತಿದ್ದರೆ ಅಂತರ್ಜಾಲ ಸಂಪರ್ಕದ ದೋಷವಿರಬಹುದು, ಇಲ್ಲವೇ ಜಿ.729 ಎಂಬ ಸಂಕೋಚನ ಕ್ರಮ ಬಳಕೆಯಲ್ಲಿರಬಹುದು. ಮಾತನ್ನು ಸೆಕೆಂಡಿಗೆ 8 ಕಿಲೋಬಿಟ್‌ಗೆ ಇಳಿಸುವ ಈ ಕ್ರಮವು ಮನುಷ್ಯನ ಧ್ವನಿಗಾಗಿ ರೂಪಿತವಾದುದರಿಂದ ಮಾತಿನೊಳಗೆ ಸಾಗುವ ಜೋಡಿಸ್ವರವನ್ನು ಕೆಡಿಸಬಲ್ಲದು. 64 ಕಿಲೋಬಿಟ್‌ನ ಜಿ.711ಕ್ಕೆ ಬದಲಿಸಿ ನೋಡಿದರೆ ಕಾರಣ ತಿಳಿಯುತ್ತದೆ.

ಪರೀಕ್ಷೆಯ ಕ್ರಮವೂ ಮುಖ್ಯ. ಗುಂಡಿ ಒತ್ತಿದಾಗ ನಮ್ಮ ಕಿವಿಗೆ ಕೇಳುವ 'ಬೀಪ್' ಯಾವುದಕ್ಕೂ ಸಾಕ್ಷಿಯಲ್ಲ, ಅದು ನಮ್ಮ ಉಪಕರಣದಲ್ಲೇ ಹುಟ್ಟುವುದುಂಟು. ಮೊದಲು ಕಚೇರಿಯೊಳಗೆ, ಅನಂತರ ಹೊರಗಿನಿಂದ ಒಳಗೆ, ಕೊನೆಗೆ ಒಳಗಿನಿಂದ ಬ್ಯಾಂಕಿನಂಥ ಹೊರಗಿನ ಸ್ವಯಂಚಾಲಿತ ಸೇವೆಗೆ ಕರೆ ಮಾಡಬೇಕು. ಹೊರಗಿನ ಕರೆಯನ್ನು ಮೊಬೈಲಿನಿಂದಷ್ಟೇ ಮಾಡಿದರೆ ಸಾಲದು. ಜಿಎಸ್‌ಎಂ ಮೊಬೈಲ್ ಕರೆಯಲ್ಲಿ ಗುಂಡಿಯ ಸ್ವರವನ್ನು ಹುಟ್ಟಿಸುವುದು ಜಾಲವೇ. ಆದ್ದರಿಂದ ಅದು ಸರಿಹೋದ ಮಾತ್ರಕ್ಕೆ ಸ್ಥಿರ ದೂರವಾಣಿಯ ಗ್ರಾಹಕರ ಕರೆಯೂ ಸರಿಹೋಗುತ್ತದೆಂಬ ಭರವಸೆಯಿಲ್ಲ. ಹನ್ನೆರಡು ಗುಂಡಿಗಳನ್ನೂ, ನಕ್ಷತ್ರ ಮತ್ತು ಹ್ಯಾಶ್ ಸಹಿತ, ಒತ್ತಿ ನೋಡಬೇಕು. 1100, 7788 ಎಂಬಂತೆ ಒಂದೇ ಅಂಕಿ ಎರಡು ಬಾರಿ ಬರುವ ಸಂಖ್ಯೆಗಳನ್ನು ವೇಗವಾಗಿ ಒತ್ತಿದಾಗಲೇ ಅಡಗಿದ ದೋಷ ಹೊರಬೀಳುವುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪರೀಕ್ಷೆಯ ವೇಳೆ ನಿಜವಾದ ಪಿನ್ ಅಥವಾ ಕಾರ್ಡ್ ಸಂಖ್ಯೆಯನ್ನು ಎಂದಿಗೂ ಒತ್ತಬಾರದು. ತಂತ್ರಜ್ಞರು ದೋಷ ಹುಡುಕಲು ಕರೆಯ ದತ್ತಾಂಶವನ್ನು ದಾಖಲಿಸಿಕೊಳ್ಳುತ್ತಾರೆ. ಗೂಢಲಿಪಿ ರಕ್ಷಣೆಯಿಲ್ಲದ ಕರೆಯಲ್ಲಿ ಒತ್ತಿದ ಪ್ರತಿ ಅಂಕಿಯನ್ನೂ ಆ ದಾಖಲೆಯಲ್ಲಿ ಸಲೀಸಾಗಿ ಓದಬಹುದು. 2022ರ ಮಾರ್ಚ್ 8ರಂದು ರಿಸರ್ವ್ ಬ್ಯಾಂಕು ಯುಪಿಐ 123ಪೇ ಆರಂಭಿಸಿದ ಮೇಲೆ ಕರೆಯ ಮೂಲಕ ಹಣ ಪಾವತಿಸುವ ಸೌಲಭ್ಯವೂ ಬಂದಿರುವುದರಿಂದ ಈ ಮಾತಿಗೆ ತೂಕ ಹೆಚ್ಚು.

ಇನ್ನು ಬಿಲ್ಲಿನ ವಿಷಯ. ಅಳವಡಿಸಿದವರು ಉದ್ಯಮ್ ನೋಂದಣಿಯುಳ್ಳ ಕಿರು ಅಥವಾ ಸಣ್ಣ ಉದ್ದಿಮೆಯಾಗಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ ಅನ್ವಯಿಸುತ್ತದೆ. ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ ಸ್ವೀಕೃತಿಯ ದಿನದಿಂದ 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಹಾಗಾದರೆ ಸ್ವೀಕೃತಿಯ ದಿನ ಯಾವುದು? ಸೇವೆ ಸಲ್ಲಿಸಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಕೊಟ್ಟಿದ್ದರೆ ಆ ದೋಷ ನಿವಾರಣೆಯಾದ ದಿನ. ಕೊಡದಿದ್ದರೆ ಸೇವೆ ಸಲ್ಲಿಸಿದ ದಿನವೇ. ದೂರವಾಣಿಯಲ್ಲಿ ಬಾಯಿಮಾತಿನಿಂದ ದೂರಿದ್ದು ಲೆಕ್ಕಕ್ಕೆ ಬಾರದು. ಆದ್ದರಿಂದ ಮೊದಲ ವಾರದಲ್ಲೇ ಪರೀಕ್ಷೆ ಮುಗಿಸಿ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ, ಎಷ್ಟು ಗಂಟೆಗೆ ಕರೆ ಮಾಡಲಾಯಿತು, ಒತ್ತಿದ ಅಂಕಿ ಯಾವುದು, ದಾಖಲಾದ ಅಂಕಿ ಯಾವುದು ಎಂಬುದನ್ನು ಬರೆದು ಪತ್ರ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಪಡೆದಿಟ್ಟುಕೊಳ್ಳತಕ್ಕದ್ದು.