ಚರ್ಮದ ನೆರೆಹೊರೆ

ಒಗ್ಗರಣೆಯ ಎಣ್ಣೆ ಸಿಡಿದು ಕೈಯಲ್ಲಿ ಬೊಬ್ಬೆಯೆದ್ದರೆ ಕೆಲವು ದಿನಗಳಲ್ಲಿಯೇ ಹೊಸ ಚರ್ಮ ಬರುವುದನ್ನು ನಮ್ಮ ಗೃಹಿಣಿಯರೆಲ್ಲರೂ ಬಲ್ಲರು. ಹೊರಚರ್ಮದ ಜೀವಕೋಶಗಳು ಈ ಕೆಲಸವನ್ನು ತಾವಾಗಿಯೇ ಮಾಡುವುವೆಂದು ನಾವು ಭಾವಿಸುವುದು ಸಹಜವೇ. ಆದರೆ ಅವುಗಳ ಕೆಳಗೆ, ಒಳಚರ್ಮದಲ್ಲಿ, ಫೈಬ್ರೊಬ್ಲಾಸ್ಟ್ ಎಂಬ ಬೇರೊಂದು ಜಾತಿಯ ಕೋಶಗಳು ವಾಸಿಸುವುವು. ಚರ್ಮಕ್ಕೆ ಗಟ್ಟಿತನವನ್ನು ಕೊಡುವ ನಾರುಗಳನ್ನು ಹೆಣೆಯುವುದು ಇವುಗಳ ಕಸುಬು. ಮೇಲಿನವುಗಳ ಏಳಿಗೆಯೂ ಕೇಡೂ ಈ ನೆರೆಯವುಗಳನ್ನು ಎಷ್ಟರಮಟ್ಟಿಗೆ ಅವಲಂಬಿಸಿವೆಯೆಂಬುದನ್ನು ವಾಚಕರ ಮುಂದಿಡಲು ನಾವು ಇಚ್ಛಿಸುತ್ತೇವೆ.

ಮನುಷ್ಯನ ಹೊರಚರ್ಮದ ಕೋಶಗಳನ್ನು ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಲು ವಿಜ್ಞಾನಿಗಳು ಬಹುಕಾಲ ಶ್ರಮಪಟ್ಟರು. ಆಹಾರವಿದ್ದರೂ ಆ ಕೋಶಗಳು ಒಂಟಿಯಾಗಿ ಹೆಚ್ಚು ದಿನ ವೃದ್ಧಿಹೊಂದುತ್ತಿರಲಿಲ್ಲ. 1975ರಲ್ಲಿ ಅಮೆರಿಕದ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವರ್ಡ್ ಗ್ರೀನ್ ಎಂಬವರು ಇಲಿಯ ಫೈಬ್ರೊಬ್ಲಾಸ್ಟುಗಳನ್ನು ತಟ್ಟೆಯ ತಳದಲ್ಲಿ ಹರಡಿ, ಅವು ಸಂಖ್ಯೆಯಲ್ಲಿ ಹೆಚ್ಚದೆ ಕೆಲಕಾಲ ಬದುಕಿರುವಂತೆ ಕಿರಣಗಳಿಂದ ತಡೆದು, ಜೊತೆಯಲ್ಲಿ ಚರ್ಮಕೋಶಗಳನ್ನು ಬಿತ್ತಿದರು. ನೆರೆಯ ಆಸರೆ ದೊರೆತೊಡನೆ ಇವು ಹಬ್ಬಿ, ಪದರಪದರವಾಗಿ ಬೆಳೆದವು.

ಇದು ಕೇವಲ ಕುತೂಹಲದ ಸಂಗತಿಯಲ್ಲ. 1983ರಲ್ಲಿ ಮೈಯ ಶೇಕಡ 95ಕ್ಕೂ ಹೆಚ್ಚು ಭಾಗ ಸುಟ್ಟಿದ್ದ ಇಬ್ಬರು ಬಾಲಕರನ್ನು ಅಮೆರಿಕದ ಬಾಸ್ಟನ್ ನಗರಕ್ಕೆ ತಂದರು. ಸುಡದೆ ಉಳಿದಿದ್ದ ಚರ್ಮದ ಸಣ್ಣ ಚೂರುಗಳಿಂದ ಹಾಳೆಹಾಳೆಯಾಗಿ ಹೊಸ ಹೊರಚರ್ಮವನ್ನು ಬೆಳೆಸಿ ಹೊದಿಸಿದರು. ಇಬ್ಬರೂ ಬದುಕಿದರು.

ಹಾಗಾದರೆ ಈ ನೆರೆಯವು ಕೊಡುವುದೇನು? ಗಾಯವಾದಾಗ ಮೇಲಿನ ಕೋಶಗಳು ರಾಸಾಯನಿಕ ಸಂದೇಶವನ್ನು ಕೆಳಗೆ ಕಳುಹಿಸುವುವು. ಫೈಬ್ರೊಬ್ಲಾಸ್ಟುಗಳು ಉತ್ತರವಾಗಿ ಬೆಳವಣಿಗೆಯ ದ್ರವ್ಯಗಳನ್ನು ಸ್ರವಿಸುವುವು. ಇಂಥದೊಂದು ದ್ರವ್ಯವನ್ನು 1989ರಲ್ಲಿ ಗುರುತಿಸಲಾಯಿತು. ಗಾಯ ಮಾಯ್ದ ಮೇಲೆ ಈ ಮಾತುಕತೆ ತಣ್ಣಗಾಗತಕ್ಕದ್ದು.

ಸಹವಾಸದಿಂದ ಸನ್ಯಾಸಿ ಕೆಟ್ಟನೆಂಬ ಗಾದೆಯುಂಟಷ್ಟೆ. ಅರ್ಬುದದ ಗಡ್ಡೆಯಲ್ಲಿ ಈ ಮಾತುಕತೆ ನಿಲ್ಲುವುದೇ ಇಲ್ಲ. ಅರ್ಬುದವೆಂದರೆ ವಾಸಿಯಾಗದ ಗಾಯವೆಂದು ಹೆರಾಲ್ಡ್ ಡ್ವೊರಾಕ್ ಎಂಬ ವೈದ್ಯವಿಜ್ಞಾನಿ 1986ರಲ್ಲಿ ಹೇಳಿದುದು ಇದಕ್ಕೆ ಹೊಂದುವ ಮಾತು. ಕೆಟ್ಟ ಕೋಶಗಳ ಬಳಿಯಿರುವ ಫೈಬ್ರೊಬ್ಲಾಸ್ಟುಗಳು ಸ್ವಭಾವ ಬದಲಿಸಿ, ಅವುಗಳ ಬೆಳವಣಿಗೆಗೂ ಹರಡುವಿಕೆಗೂ ನೆರವಾಗುವುದುಂಟು. ಚರ್ಮದ್ದಲ್ಲದಿದ್ದರೂ 1999ರ ಒಂದು ಪರೀಕ್ಷೆ ಇಲ್ಲಿ ಗಮನಾರ್ಹವಾದುದು. ಪ್ರಾಸ್ಟೇಟ್ ಗ್ರಂಥಿಯ ಅರ್ಬುದದಿಂದ ತೆಗೆದ ಫೈಬ್ರೊಬ್ಲಾಸ್ಟುಗಳು, ಆಗಲೇ ಅರೆದಾರಿ ಕೆಟ್ಟಿದ್ದ ಕೋಶಗಳನ್ನು ಗಡ್ಡೆಯಾಗಿಸಿದವು. ಆರೋಗ್ಯವಂತ ಕೋಶಗಳನ್ನು ಮಾತ್ರ ಕೆಡಿಸಲಾರದೆಹೋದವು. ದುಷ್ಟಸಂಗವೊಂದೇ ಸಾಲದು, ಒಳಗಿನ ದೋಷವೂ ಇರಬೇಕೆಂದಾಯಿತು.

ಗೃಹಸ್ಥರು ಇದರಿಂದ ತಿಳಿಯತಕ್ಕ ವಿಷಯವೊಂದಿದೆ. ಮಾಯುವ ಗಾಯಕ್ಕೆ ಅಂಜಬೇಕಾಗಿಲ್ಲ. ಆದರೆ ವಾರಗಟ್ಟಲೆ ಮಾಯದ ಹುಣ್ಣನ್ನು, ಅದರಲ್ಲಿಯೂ ಬಹುಕಾಲದ ಹಿಂದೆ ಸುಟ್ಟ ಕಲೆಯ ಮೇಲೆ ಎದ್ದುದನ್ನು, ಮುಲಾಮು ಹಚ್ಚುತ್ತ ಕಾಲಕಳೆಯದೆ ವೈದ್ಯರಿಗೆ ತೋರಿಸತಕ್ಕದ್ದು. ಅಂಥ ಕಲೆಗಳಲ್ಲಿ ಎಷ್ಟೋ ವರ್ಷಗಳ ಮೇಲೆ ಅರ್ಬುದ ಹುಟ್ಟುವುದುಂಟು. ಬೇಗನೆ ಕಂಡುಹಿಡಿದರೆ ಅದನ್ನು ಕತ್ತರಿಸಿ ಗುಣಪಡಿಸುವುದು ಸುಲಭ.