ಡ್ರಮ್ಮಿನ ಗೋಡೆಗೆ ಅಂಟಿ ಬಂದವಳು

ಬೀದರಿನ ಗಾಂಧಿ ಗಂಜಿನಲ್ಲಿ ಒಂದು ಅಡತಿ ಅಂಗಡಿ. ತೊಗರಿ ಚೀಲಗಳ ಪಕ್ಕದಲ್ಲಿ ಹಮಾಲರು ಕೈಕಾಲು ತೊಳೆಯಲೆಂದು ಇಟ್ಟಿದ್ದ ನೀಲಿ ಡ್ರಮ್. ಬಗ್ಗಿ ನೋಡಿದರೆ ದಾರದ ತುಂಡಿನಂಥ ಹುಳಗಳು ತಲೆಕೆಳಗಾಗಿ ತೂಗಾಡುತ್ತಿದ್ದವು. ನನ್ನ ನೆರಳು ಬಿದ್ದದ್ದೇ ತಡ, ಕೊಂಕಿ ಕೊಂಕಿ ತಳಕ್ಕಿಳಿದವು.

"ನೀರು ಸ್ವಚ್ಛ ಅದರಿ ಸರ, ನಾಕು ದಿನದ ಹಿಂದ ತುಂಬಿದ್ದು" ಎಂದರು ಅಂಗಡಿಯವರು.

ಸ್ವಚ್ಛವಾಗಿಯೇ ಇತ್ತು. ಗಟಾರದ ಕೊಳಕು ಕ್ಯೂಲೆಕ್ಸ್ ಸೊಳ್ಳೆಗೆ ಪ್ರೀತಿ. ಡೆಂಗಿ, ಚಿಕುನ್‌ಗುನ್ಯಾ ಹೊರುವ ಈಡಿಸ್ ಈಜಿಪ್ಟಿ ಸೊಳ್ಳೆಗೆ ಮನೆಬಳಕೆಯ ನೀರೇ ಬೇಕು. ಆದರೆ ನಾಲ್ಕೇ ದಿನದ ನೀರಿನಲ್ಲಿ ಇಷ್ಟು ಬಲಿತ ಮರಿಗಳು ಎಲ್ಲಿಂದ ಬಂದವು?

ಅವು ನೀರಿಗಿಂತ ಮೊದಲೇ ಅಲ್ಲಿದ್ದವು. ಈಡಿಸ್ ಹೆಣ್ಣು ನೀರಿನ ಮೇಲೆ ಮೊಟ್ಟೆ ಇಡುವುದಿಲ್ಲ. ನೀರಿನ ಅಂಚಿಗಿಂತ ತುಸು ಮೇಲೆ, ಒದ್ದೆ ಗೋಡೆಗೆ ಒಂದೊಂದಾಗಿ ಅಂಟಿಸುತ್ತಾಳೆ. ಮಸಿಯ ಚುಕ್ಕಿಯಷ್ಟು ಗಾತ್ರ. ಒಳಗೆ ಮರಿ ರೂಪುಗೊಂಡ ಮೇಲೆ ನೀರು ಆರಿಹೋದರೂ ಮೊಟ್ಟೆ ಸಾಯದು, ತಿಂಗಳುಗಟ್ಟಲೆ ಒಣಗಿಕೊಂಡೇ ಕಾಯುತ್ತದೆ. ನೀರು ತಾಗಿದ್ದೇ ಒಡೆದು, ಸೆಕೆಗಾಲವಾದರೆ ವಾರ ಹತ್ತು ದಿನದಲ್ಲಿ ಹಾರುವ ಸೊಳ್ಳೆ. ಹಾಗಾಗಿ ಡ್ರಮ್ಮನ್ನು ಬರೀ ಬೋರಲು ಹಾಕಿದರೆ ಸಾಲದು, ಗೋಡೆಯನ್ನು ಗಸಗಸ ತಿಕ್ಕಬೇಕು. ಮೂಲೆಗೆ ಸರಿಸಿಟ್ಟ ಕೂಲರ್, ಮಡಚಿದ ತಾಡಪತ್ರಿ, ಲಾರಿಯ ಹಳೇ ಟಾಯರ್, ಇವೆಲ್ಲ ಅದರ ಡ್ರಮ್ಮುಗಳೇ.

ಪರವೂರಿಗೆ ಹೋಗಲು ಅದರ ಟಿಕೆಟ್ಟೂ ಈ ಮೊಟ್ಟೆಯೇ. ಈ ಸೊಳ್ಳೆ ಸಾಮಾನ್ಯವಾಗಿ ಕೆಲವು ನೂರು ಮೀಟರ್ ದಾಟಿ ಹಾರದು. ಗಾಂಧಿ ಗಂಜಿನಿಂದ ಭಾಲ್ಕಿಗೆ ರೆಕ್ಕೆ ಬಡಿದುಕೊಂಡು ಹೋಗುವುದು ಅದರ ಕೈಲಾಗದ ಕೆಲಸ. ಖಾಲಿ ಡ್ರಮ್ ಹೇರಿಕೊಂಡ ಲಾರಿ ಮಾತ್ರ ಗಂಟೆ ಒಂದೂವರೆ ಗಂಟೆಯಲ್ಲಿ ತಲುಪುತ್ತದೆ. ಈ ಸೊಳ್ಳೆಯ ಮೂಲ ಆಫ್ರಿಕಾದ ಕಾಡು, ಮರದ ಪೊಟರೆಯ ನೀರು. ಗುಲಾಮರನ್ನು ಸಾಗಿಸಿದ ಹಡಗುಗಳ ನೀರಿನ ಪೀಪಾಯಿಗಳಲ್ಲಿ ಅಮೆರಿಕ ಸೇರಿತು. 19ನೇ ಶತಮಾನದ ಉತ್ತರಾರ್ಧದಲ್ಲಿ ಏಷ್ಯಾದ ಊರುಗಳಲ್ಲಿ ತಳವೂರಿತು ಎಂದು ವಂಶವಾಹಿಗಳ ಅಧ್ಯಯನ ಸೂಚಿಸುತ್ತದೆ.

ಸೊಳ್ಳೆ ಬಂದರೆ ರೋಗ ಬಂದಂತಲ್ಲ. ಅದಕ್ಕೆ ವೈರಸ್ ಬೇರೆಯಾಗಿ ಬರಬೇಕು. 1973ರಲ್ಲಿ ನಮ್ಮಿಂದ ಬಹಳ ದೂರವಲ್ಲದ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಚಿಕುನ್‌ಗುನ್ಯಾ ಹಬ್ಬಿತ್ತು. ಆಮೇಲೆ ಮೂವತ್ತೆರಡು ವರ್ಷ ದೇಶದಲ್ಲಿ ಅದರ ದೊಡ್ಡ ಸುದ್ದಿಯಿಲ್ಲ. ಸೊಳ್ಳೆ ಮಾತ್ರ ಇಲ್ಲೇ ಡ್ರಮ್ಮುಗಳಲ್ಲಿ ಸಂಸಾರ ಹೂಡಿಕೊಂಡಿತ್ತು. 2005ರ ಕೊನೆಗೆ ವೈರಸ್ಸಿನ ಆಫ್ರಿಕಾ ಮೂಲದ ತಳಿ ಬಂದಿಳಿಯಿತು. 2006ರಲ್ಲಿ ದೇಶದಾದ್ಯಂತ ಶಂಕಿತ ಪ್ರಕರಣ ಸುಮಾರು 13.9 ಲಕ್ಷ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಏಳೂವರೆ ಲಕ್ಷ, ಕರ್ನಾಟಕವೊಂದರದೇ. ಚಿಕುನ್‌ಗುನ್ಯಾ ಎಂಬ ಹೆಸರು ತಾಂಜಾನಿಯಾ ಕಡೆಯ ಮಕೊಂಡೆ ಭಾಷೆಯದು, ಬಾಗಿಸುವುದು ಎಂಬರ್ಥ. ಆ ವರ್ಷ ಕೀಲು ಹಿಡಿದು ಗೋಡೆ ಹಿಡಿದೇ ನಡೆದವರಿಗೆ ಅನುವಾದ ಬೇಕಿಲ್ಲ.

ಇನ್ನೊಂದು ತೊಂದರೆ: ಈಡಿಸ್ ಹಗಲಿನಲ್ಲಿ ಕಚ್ಚುವ ಸೊಳ್ಳೆ. ಬೆಳಗಿನ ಹೊತ್ತು ಮತ್ತು ಹೊತ್ತು ಮುಳುಗುವ ಮುಂಚೆ ಹೆಚ್ಚು ಚುರುಕು. ರಾತ್ರಿಯ ಸೊಳ್ಳೆಪರದೆ ಹಗಲಿಡೀ ಚೀಲ ಹೊರುವ ಹಮಾಲನಿಗೆ ಏನು ಮಾಡೀತು? ಕೊಡವಿದರೆ ಎದ್ದು ಪಕ್ಕದವನ ಕಾಲಿಗೆ ಕೂರುತ್ತಾಳೆ. ಒಂದು ಹೊಟ್ಟೆ ರಕ್ತಕ್ಕೆ ಮೂರ್ನಾಲ್ಕು ಜನ.

ಆಫ್ರಿಕಾವನ್ನೇ ದೂರುವ ಮೊದಲು ನಮ್ಮ ಕಡೆಯ ರಫ್ತನ್ನೂ ನೋಡಬೇಕು. ಅನಾಫಿಲಿಸ್ ಸ್ಟೀಫೆನ್ಸಿ ದಕ್ಷಿಣ ಏಷ್ಯಾ, ಅರಬ್ ಸೀಮೆಯ ಸೊಳ್ಳೆ. ನಮ್ಮ ಪಟ್ಟಣಗಳ ಬಾವಿ, ಮಾಳಿಗೆ ಮೇಲಿನ ಟಾಕಿಗಳಲ್ಲಿ ಬೆಳೆದು ಮಲೇರಿಯಾ ಹರಡುವುದು ಇದರ ಕಸುಬು. ಆಫ್ರಿಕಾದ ಮಲೇರಿಯಾ ಸೊಳ್ಳೆಗಳು ಹೆಚ್ಚಾಗಿ ಹಳ್ಳಿಯವು, ಇದು ಪೇಟೆಯದು. 2012ರಲ್ಲಿ ಜಿಬೂತಿಯಲ್ಲಿ ಕಾಣಿಸಿಕೊಂಡಿತು. ಆ ವರ್ಷ ಆ ಪುಟ್ಟ ದೇಶದಲ್ಲಿ ದಾಖಲಾದ ಮಲೇರಿಯಾ ಪ್ರಕರಣ 27. 2020ರಲ್ಲಿ 73 ಸಾವಿರ ದಾಟಿತು. ಏರಿಕೆಗೆ ಬೇರೆ ಕಾರಣಗಳೂ ಕೂಡಿರಬಹುದು, ಆದರೆ ಈ ಸೊಳ್ಳೆಯ ಪಾಲು ದೊಡ್ಡದೆಂದೇ ಹೇಳುತ್ತಾರೆ. ಇಥಿಯೋಪಿಯಾ, ಸುಡಾನ್, ಕೀನ್ಯಾ, ನೈಜೀರಿಯಾದಲ್ಲೂ ಸಿಕ್ಕಿದೆ. ಅಲ್ಲಿನ ಕೀಟತಜ್ಞರು ಈಗ ಏಣಿ ಹತ್ತಿ ಮಾಳಿಗೆಯ ಟಾಕಿಗಳ ಮುಚ್ಚಳ ತೆಗೆದು ನೋಡುತ್ತಿದ್ದಾರೆ.