ನೆನಪುಗಳ ವಿಂಗಡಣೆ

ರಕ್ತದೊತ್ತಡದ ಗುಳಿಗೆಯನ್ನು ಕೈಯಲ್ಲಿ ಹಿಡಿದ ವೃದ್ಧರೊಬ್ಬರು ಶಂಕಿಸುತ್ತಾರೆ: ಅದನ್ನು ನುಂಗಿದ ನೆನಪು ಇಂದಿನದೋ, ನಿನ್ನೆಯದೋ? ಹೊತ್ತು ಅದೇ, ಲೋಟವೂ ಅದೇ. ತಪ್ಪಿದರೆ ಮದ್ದು ಇಮ್ಮಡಿಯಾದೀತು. ವಯಸ್ಸು ಏರಿದಂತೆ ಇಂಥ ಗೊಂದಲ ಹೆಚ್ಚುವುದುಂಟು.

ಸದೃಶವಾದ ಅನುಭವಗಳನ್ನು ಬೇರೆಬೇರೆಯಾಗಿ ಕೂಡಿಡುವ ಕಾರ್ಯದಲ್ಲಿ, ಮಿದುಳಿನಲ್ಲಿರುವ ಕಡಲಕುದುರೆಯಾಕಾರದ ಹಿಪ್ಪೊಕ್ಯಾಂಪಸ್ಸಿನ ಪಾತ್ರ ಹಿರಿದು. ಅದರ ಹೊಸ್ತಿಲಿನಂತಿರುವ ಡೆಂಟೇಟ್ ಗೈರಸ್ ಎಂಬ ಭಾಗದಲ್ಲಿ ನರಕೋಶಗಳು ಲಕ್ಷಗಟ್ಟಲೆ; ಆದರೆ ಒಂದು ಅನುಭವಕ್ಕೆ ಓಗೊಡುವವು ಕೆಲವೇ. ಆದುದರಿಂದ ಎರಡು ಅನುಭವಗಳು ಒಂದನ್ನೊಂದು ಹೋಲುತ್ತಿದ್ದರೂ ಅವುಗಳ ಪಾಲಿಗೆ ಬರುವ ಕೋಶಗಳ ಗುಂಪುಗಳು ಬಹುಮಟ್ಟಿಗೆ ಬೇರೆಯಾಗುತ್ತವೆ. ಮಿತವಾದ ಬಳಕೆಯಲ್ಲಿ ಇಂಥ ಜಾಣ್ಮೆ ಅಡಗಿರುವುದು ಸೋಜಿಗವೇ ಸರಿ.

2007ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕೆ ಪುಷ್ಟಿ ನೀಡಿತು. ಈ ಕೋಶಗಳಲ್ಲಿ ಸಂಕೇತಗ್ರಾಹಿಯಾದ ಪ್ರೋಟೀನೊಂದನ್ನು ಇಲ್ಲವಾಗಿಸಿದ ಇಲಿಗಳು, ವಿದ್ಯುದಾಘಾತ ತಗುಲಿದ್ದ ಗೂಡಿಗೂ ಅದನ್ನು ಹೋಲುವ ನಿರಪಾಯದ ಗೂಡಿಗೂ ಇರುವ ಭೇದವನ್ನು ಬೇಗನೆ ಅರಿಯಲಾರದೆ, ಎರಡರಲ್ಲಿಯೂ ಅಂಜಿ ಮರಗಟ್ಟಿ ನಿಂತವು.